ಹೆಂಗಸಿಲ್ಲದ ಮನೆಯ ಯಜಮಾನ

ಬಿದರಕುಂಟೆಯ ಜಯಕುಮಾರ ಹಾಲಿನ ಡೇರಿಗೆ ಅಧ್ಯಕ್ಷನಾಗಿದ್ದದ್ದು ಒಂದೇ ಅವಧಿಗೆ. ಅದು ಮುಗಿದು ಹತ್ತು ವರ್ಷದ ಮೇಲಾಗಿತ್ತು. ಅಧ್ಯಕ್ಷಗಿರಿ ಹೋಯಿತೇ ವಿನಾ ಅದರ ಬಿಳಿ ಅಂಗಿ ಹೋಗಲಿಲ್ಲ, ಅಂಗಿಯ ಜೇಬಿನ ಪೆನ್ನು ಹೋಗಲಿಲ್ಲ. ಯಾರು ಏನು ಕೇಳಿದರೂ ಮೊದಲು ಸೂರಿನ ಕಡೆ ನೋಡಿ, ಆಮೇಲೆ ಸಣ್ಣಗೆ ಕೆಮ್ಮಿ, ಆಮೇಲೆ "ನೋಡೋಣ" ಅನ್ನುವ ಅಭ್ಯಾಸವಂತೂ ಹೋಗಲೇ ಇಲ್ಲ. ಊರಿನವರು ಅವನನ್ನು ಇವತ್ತಿಗೂ ಅಧ್ಯಕ್ಷರೇ ಎಂದೇ ಕರೆಯುತ್ತಾರೆ. ಅರ್ಧ ಜನ ರೂಢಿಯಿಂದ, ಇನ್ನರ್ಧ ಜನ ಪಕ್ಕದವನಿಗೆ ಕಣ್ಣು ಮಿಟುಕಿಸಿ. ಜಯಕುಮಾರನಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಅದು ಅವನ ಪುಣ್ಯ.

ಶಿರಾ ತಾಲ್ಲೂಕು ತಾವರೆಕೆರೆ ಹೋಬಳಿಯ ಈ ಊರಿನಲ್ಲಿ ಅವನ ಮನೆ ಎಂದರೆ ಇಬ್ಬರು ಗಂಡಸರು, ಎರಡು ಸೀಮೆಹಸು, ಒಂದು ಒಲೆ. ನಲವತ್ತನಾಲ್ಕರ ಜಯಕುಮಾರ ಹಸು, ಹೊಲ, ಅಡಿಗೆ ನೋಡಿಕೊಳ್ಳುತ್ತಾನೆ. ಅವನಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಪ್ರಸನ್ನ ದಿನಾ ಶಿರಾಕ್ಕೆ ಹೋಗಿ ಅಬ್ದುಲ್ ರಶೀದರ ಅಂಗಡಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಾನೆ. ಇಬ್ಬರಿಗೂ ಮದುವೆಯಾಗಿಲ್ಲ. ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವ ಕೆಂಚಮ್ಮ ಮೂರು ವರ್ಷದ ಕೆಳಗೆ ಹೋದಳು. ಅಲ್ಲಿಂದ ಆಚೆಗೆ ಆ ಮನೆಯ ಬಾಗಿಲಿಗೆ ರಂಗೋಲಿ ಬೀಳಲಿಲ್ಲ. ಗೌರಿಹಬ್ಬಕ್ಕೆ ಮೊರದ ಬಾಗಿನ ಹಿಡಿದುಕೊಂಡು ಬರುವ ಹೆಂಗಸರು ಇವರ ಮನೆ ಬಂದಾಗ ಹೆಜ್ಜೆ ಜೋರು ಮಾಡಿ ಮುಂದಿನ ಮನೆಗೆ ಹೋಗುತ್ತಾರೆ. ಅವಮಾನ ಮಾಡಬೇಕೆಂದಲ್ಲ, ಒಳಗೆ ತೆಗೆದುಕೊಳ್ಳುವವರು ಯಾರೂ ಇಲ್ಲ, ಅಷ್ಟೆ.

ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಕೆಂಚಮ್ಮನ ಫೋಟೋ ಇತ್ತು. ಅವಳು ತೀರಿಕೊಂಡ ಮೇಲೆ ಅದನ್ನು ಬದಲಾಯಿಸಲು ಜಯಕುಮಾರ ಇಸ್ತ್ರಿ ಅಂಗಿ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋದ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಮನೆಯಲ್ಲಿ ವಯಸ್ಸಿಗೆ ಬಂದ ಹೆಂಗಸರು ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದ. ಅತ್ತಿಗೆ, ನಾದಿನಿ, ಅಜ್ಜಿ ಯಾರಾದರೂ ಎಂದು ಮತ್ತೆ ಕೇಳಿದಳು. ಇಲ್ಲ ಎಂದ. ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ನೀವೇ ಸಾರ್" ಅಂದಳು. ಹೀಗೆ ಜಯಕುಮಾರ ಸರ್ಕಾರದ ಲೆಕ್ಕದಲ್ಲೂ ಮನೆಯ ಯಜಮಾನನಾದ. ಆ ಸುದ್ದಿಯನ್ನು ಅವನು ಅರಳಿಕಟ್ಟೆಯಲ್ಲಿ ಕೂತಿದ್ದ ತನ್ನದೇ ವಯಸ್ಸಿನ ನಾಲ್ಕಾರು ಮದುವೆಯಾಗದವರಿಗೆ ಹೇಳಿದಾಗ, 'ಹಂಗಾದ್ರೆ' ಅನ್ನುವ ಮಾತೊಂದನ್ನು ಮಾತ್ರ ಬಿಟ್ಟು ಹೇಳಿದ.

ಹಾಗಂತ ಹೆಣ್ಣು ಸಿಗಲೇ ಇಲ್ಲವೇ ಎಂದರೆ, ಸಿಕ್ಕಿದ್ದವು. ಮೊದಲ ಹತ್ತು ವರ್ಷ ಅವನು ಬೇಡ ಎಂದ, ಆಮೇಲಿನ ಹತ್ತು ವರ್ಷ ಅವರು ಬೇಡ ಎಂದರು. ಕೊರಟಗೆರೆಯ ಹುಡುಗಿಯನ್ನು ಬಿಟ್ಟದ್ದು ಅವಳ ಅಪ್ಪ ತಾನು ಹೋದಾಗ ಎದ್ದು ನಿಲ್ಲಲಿಲ್ಲ ಎಂಬ ಕಾರಣಕ್ಕೆ. ಆ ಮುದುಕನಿಗೆ ಮಂಡಿನೋವು ಎಂದು ಆಮೇಲೆ ತಿಳಿಯಿತು. ಮಧುಗಿರಿಯ ಹುಡುಗಿ ಇವನಿಗಿಂತ ಎರಡು ಕ್ಲಾಸು ಹೆಚ್ಚು ಓದಿದ್ದಳು. ಅದನ್ನು ಇವನು ಕ್ಷಮಿಸಲಿಲ್ಲ. ಪ್ರತಿ ಸಲವೂ ಉಪ್ಪಿಟ್ಟು ಕೇಸರಿಬಾತು ತಿಂದು, ಎಲೆ ಅಡಿಕೆ ಹಾಕಿ, ಸೂರು ನೋಡಿ "ನೋಡೋಣ" ಎಂದು ಬಂದ. ಬರಬರುತ್ತಾ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಕಡೆಯೂ ಹೊಲ ಇರುವ ಹುಡುಗರು ಸಾಲುಗಟ್ಟಿದರು, ಹುಡುಗಿಯರು ಎಲ್ಲಿ ಹೋದರೋ ಯಾರಿಗೂ ಗೊತ್ತಾಗಲಿಲ್ಲ. ಮಧುಗಿರಿಯ ಮದುವೆ ದಲ್ಲಾಳಿ ಲಕ್ಷ್ಮಯ್ಯ ಮೊದಲು ಹುಡುಗನ ಜಮೀನು ಕೇಳುತ್ತಿದ್ದ, ಆಮೇಲೆ ಕೆಲಸ ಕೇಳತೊಡಗಿದ. ಕೊನೆಗೆ ಒಂದೇ ಪ್ರಶ್ನೆಗೆ ಇಳಿದ: "ಮನೇಲಿ ಹೆಣ್ಮಗು ಐತಾ?"

ಲಕ್ಷ್ಮಯ್ಯ ವಿವರಿಸಿದ ಪ್ರಕಾರ ಈಗ ಎಲ್ಲ ಕಡೆ ಕೊಟ್ಟು ತರುವುದೇ ನಡೆದಿತ್ತು. ನಿಮ್ಮ ಮನೆಯ ಹೆಣ್ಣನ್ನು ನಮ್ಮ ಹುಡುಗನಿಗೆ ಕೊಡಿ, ನಮ್ಮ ಹೆಣ್ಣನ್ನು ನಿಮ್ಮ ಹುಡುಗನಿಗೆ ಕೊಡುತ್ತೇವೆ. ಕೊಡುವುದಕ್ಕೆ ತಂಗಿಯೋ ಅಕ್ಕನ ಮಗಳೋ ಇಲ್ಲದ ಮನೆಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕೆಂಚಮ್ಮ ವಯಸ್ಸಿನಲ್ಲಿದ್ದಾಗ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೆಲ್ಲ ಗಂಡೇ ಎಂದು ಬಾವಿಕಟ್ಟೆಯಲ್ಲಿ ಬೀಗುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಜಯಕುಮಾರನಿಗೂ ಪ್ರಸನ್ನನಿಗೂ ನಡುವೆ ಒಂದು ಹೆಣ್ಣು ಹುಟ್ಟಿತ್ತು. ಎರಡು ವರ್ಷ ತುಂಬುವುದರೊಳಗೆ ಜ್ವರ ಬಂತು. ಗಂಡಾಗಿದ್ದರೆ ಅವತ್ತೇ ಗಾಡಿ ಕಟ್ಟುತ್ತಿದ್ದರು. ಹೆಣ್ಣಾದ್ದರಿಂದ ನೋಡೋಣ ಎಂದರು. ಮನೆಯಲ್ಲಿ ಆ ಮಾತಿನ ಅಭ್ಯಾಸ ಹಳೆಯದೇ. ಆ ಮಗುವಿನ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಮಾತ್ರ ಕೆಂಚಮ್ಮ ಗೋಡೆ ಕಡೆ ತಿರುಗಿ ಅತ್ತಳು. "ಅವ್ಳೊಬ್ಳು ಬದುಕಿದ್ದಿದ್ರೆ ಕೊಟ್ಟು ತರಬೋದಾಗಿತ್ತಲ್ಲೋ" ಎಂದಳು. ಸತ್ತ ಮಗಳಿಗಾಗಿ ಅವಳು ಅತ್ತದ್ದು ಅದೇ ಮೊದಲು. ಜಯಕುಮಾರ ತಲೆಯಾಡಿಸಿದ. ಅವನಿಗೂ ಹಾಗೇ ಅನ್ನಿಸಿತ್ತು. ಅದರಲ್ಲಿ ಏನೋ ಸರಿಯಿಲ್ಲ ಎಂದು ಹೊಳೆಯುವುದಕ್ಕೆ ಅವನಿಗೆ ಅವ್ವನನ್ನು ಮಣ್ಣು ಮಾಡಿ ಬರುವವರೆಗೂ ಬೇಕಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಅಬ್ದುಲ್ ರಶೀದ್ ತಮ್ಮ ಹಳೆಯ ಸ್ಕೂಟರಿನಲ್ಲಿ ಬಿದರಕುಂಟೆಗೆ ಬಂದರು. ಜಗುಲಿಯ ಮೇಲೆ ಕೂತು, ಜಯಕುಮಾರ ಮಾಡಿಕೊಟ್ಟ ಚಹಾ ಕುಡಿದು, ಅದು ಚೆನ್ನಾಗಿದೆ ಎಂದು ಸುಳ್ಳು ಹೇಳಿ, ವಿಷಯಕ್ಕೆ ಬಂದರು. ಶಿರಾದಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳು ಬಾಡಿಗೆಗಿದ್ದಳು. ಹೆಸರು ಅಶ್ವಿನಿ, ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯವಳು. ಮದುವೆಯಾದ ವರ್ಷವೇ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡಿದ್ದ. ರಶೀದರ ಹೆಂಡತಿ ಅಮೀರುನ್ನೀಸಾಗೆ ಅವಳು ಮಗಳಿದ್ದ ಹಾಗೆ. ಆ ಮನೆಯ ನೀರಿನ ಮೋಟಾರು ಕೆಟ್ಟಾಗಲೆಲ್ಲ ರಿಪೇರಿಗೆ ಹೋಗುತ್ತಿದ್ದವನು ಪ್ರಸನ್ನ. ಇತ್ತೀಚೆಗೆ ಆ ಮೋಟಾರು ವಿಪರೀತ ಕೆಡತೊಡಗಿತ್ತು. ಅಮೀರುನ್ನೀಸಾ ಇದನ್ನು ಗಮನಿಸಿ ಗಂಡನನ್ನು ಕಳಿಸಿದ್ದಳು.

ಆದರೆ ರಶೀದರು ಮೋಟಾರಿನ ವಿಷಯ ಎತ್ತಲಿಲ್ಲ. ಅಣ್ಣನಿಗೆ ಮದುವೆಯಾಗದೆ ಇರುವಾಗ ತಮ್ಮನ ಮದುವೆ ಮಾತನ್ನು ಅಣ್ಣನ ಎದುರಿಗೇ, ತಮ್ಮನ ಹೆಸರು ಹಿಡಿದು ಆಡುವುದು ಈ ಕಡೆ ಸಭ್ಯತೆಯಲ್ಲ. ಅದು ರಶೀದರಿಗೂ ಗೊತ್ತು. ಪ್ರಸನ್ನನೂ ಅದೇ ಕಾರಣಕ್ಕೆ ನೀವೇ ಹೇಳಿ ಎಂದು ಅವರ ಮೇಲೆ ಹಾಕಿದ್ದ. ಅವರು ಮಾತನ್ನು ಮೆತ್ತಗೆ ಮಾಡಿ ಇಟ್ಟರು.

"ಅಧ್ಯಕ್ಷರೇ, ನಿಮ್ಮನೆಗೆ ಒಂದು ಒಳ್ಳೇ ಹೆಣ್ಣು ಐತೆ. ಶರೀಫ್ ಜನ. ನೀವು ಯಜಮಾನ್ರು, ನೀವು ಹ್ಞೂಂ ಅಂದ್ರೆ ಭಾನುವಾರ ಅವರಪ್ಪನ್ನ ಕರ್ಕೊಂಡ್ ಬಂದ್ಬುಡ್ತೀನಿ."

ಜಯಕುಮಾರ ಸೂರು ನೋಡಿದ, ಕೆಮ್ಮಿದ, ನೋಡೋಣ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆ ಮಾತು ಇದುವರೆಗೂ ತನಗೆ ಏನೇನು ಮಾಡಿದೆ ಎಂಬುದು ನೆನಪಾಗಿ, "ಬರ್ಲಿ ಬುಡಿ" ಅಂದುಬಿಟ್ಟ. ರಶೀದರ ಮುಖ ಅರಳಿತು. ಪ್ರಸನ್ನನಿಗೂ ಬಹಳ ಸಂತೋಷವಾಗುತ್ತದೆ ಎಂದರು. ಅವನದೇನಿದೆ, ನನ್ನ ಮಾತು ಮೀರುವವನಲ್ಲ ಎಂದ ಜಯಕುಮಾರ. ಇಷ್ಟು ದೊಡ್ಡ ಮನಸ್ಸಿನ ಅಣ್ಣ ಸಿಗುವುದು ಅಪರೂಪ ಎಂದುಕೊಂಡು ರಶೀದರು ಸ್ಕೂಟರು ಹತ್ತಿದರು. ನಲವತ್ತನಾಲ್ಕಕ್ಕಾದರೂ ಬಂತಲ್ಲ ಎಂದುಕೊಂಡು ಜಯಕುಮಾರ ಕೊಟ್ಟಿಗೆಗೆ ಹೋಗಿ ಎರಡೂ ಹಸುಗಳ ಬೆನ್ನು ತಟ್ಟಿದ.

ಭಾನುವಾರದ ಹೊತ್ತಿಗೆ ಅವನ ತಲೆಗೂದಲು ಇದ್ದಲಿನ ಹಾಗಿತ್ತು. ಬಣ್ಣ ಕೂದಲಿಗಲ್ಲದೆ ಕಿವಿಯ ತುದಿಗಳಿಗೂ ಹತ್ತಿತ್ತು. ಸೋಪು ಹಾಕಿ ಉಜ್ಜಿದ್ದಕ್ಕೆ ಕಿವಿ ಕೆಂಪಾಯಿತೇ ಹೊರತು ಬಣ್ಣ ಹೋಗಲಿಲ್ಲ. ಮನೆಯಲ್ಲಿ ಹೆಂಗಸರಿಲ್ಲದ್ದರಿಂದ ಪಕ್ಕದ ಮನೆಯ ನರಸಮ್ಮ ಬಂದು ಉಪ್ಪಿಟ್ಟು ಕೆದಕಿದಳು. ಪ್ರಸನ್ನನೂ ಹೊಸ ಅಂಗಿ ಹಾಕಿಕೊಂಡಿದ್ದನ್ನು ನೋಡಿ, ತನ್ನ ಸಂತೋಷದಲ್ಲಿ ತಮ್ಮನೂ ಪಾಲ್ಗೊಂಡಿದ್ದಾನೆ ಎಂದುಕೊಂಡು ಜಯಕುಮಾರ ಅದರ ಕಾಲರು ಸರಿಮಾಡಿದ.

ಮೊದಲೆಲ್ಲ ಗಂಡಿನ ಕಡೆಯವರು ಹೋಗಿ ಹೆಣ್ಣು ನೋಡುತ್ತಿದ್ದರು. ಈಗ ಹೆಣ್ಣಿನ ಕಡೆಯವರು ಬಂದು ಮನೆ ನೋಡುತ್ತಾರೆ. ಅಶ್ವಿನಿಯ ಅಪ್ಪ ಕದರಪ್ಪ ಕಾಲು ತೊಳೆದುಕೊಂಡವನೇ ಬಚ್ಚಲು, ಕೊಟ್ಟಿಗೆ, ನೀರಿನ ತೊಟ್ಟಿ ಎಲ್ಲ ಸುತ್ತಿ ಬಂದ. ಅಶ್ವಿನಿ ತಾನೇ ಅಡಿಗೆಮನೆಗೆ ಹೋಗಿ, ನರಸಮ್ಮನ ಜೊತೆ ಎರಡು ಮಾತಾಡಿ, ಮಸಿ ಹಿಡಿದ ಗೋಡೆಯನ್ನೂ ಮೂಲೆಗೆ ಒರಗಿಸಿದ್ದ ಮುದ್ದೆ ಕೋಲನ್ನೂ ನೋಡಿ ಬಂದು ಚಾಪೆಯ ಮೇಲೆ ಕೂತಳು. ಮೂವತ್ತೈದರ ಆಸುಪಾಸಿನ, ಹೆಚ್ಚು ಮಾತಿಲ್ಲದ ಹೆಂಗಸು. ಮನೆಯಲ್ಲಿ ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಜಯಕುಮಾರ ಕೂತಿದ್ದ. ಪ್ರಸನ್ನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಏಮಪ್ಪಾ, ಅಬ್ಬಾಯಿ ಯಾಕೆ ನಿಂತೇ ಅವ್ನೆ? ಕೂತ್ಕೊ ಅನ್ನು" ಎಂದ ಕದರಪ್ಪ, ಪ್ರಸನ್ನನ ಕಡೆ ಕೈ ಮಾಡಿ.

ಹುಡುಗ ನಿಂತಿರಲಿ, ಏನು ಕೇಳುವುದಿದ್ದರೂ ತನ್ನನ್ನೇ ಕೇಳಬೇಕೆಂದು ಜಯಕುಮಾರ ಹೇಳಿದ. ಕದರಪ್ಪ ಏನೂ ಕೇಳದಿದ್ದರೂ ತಾನೇ ಹೇಳತೊಡಗಿದ. ಡೇರಿಯ ಫ್ಯಾಟ್ ಅಳೆಯುವ ಮೆಷಿನ್ನು ತನ್ನ ಕಾಲದಲ್ಲಿ ಬಂದದ್ದು, ಅದರ ಉದ್ಘಾಟನೆಗೆ ತಾನು ಮಾಡಿದ ಭಾಷಣ, ಅದನ್ನು ಕೇಳಿದವರು ಏನಂದರು, ಎಲ್ಲ ಬಂತು. ರಶೀದರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನಿಧಾನಕ್ಕೆ ಅಗಿಯುವುದನ್ನು ನಿಲ್ಲಿಸಿದರು. ಎಲ್ಲೋ ಏನೋ ಕೆಟ್ಟಿದೆ ಎಂದು ಮೊದಲು ಗೊತ್ತಾದದ್ದು ಅವರಿಗೆ. ಜಯಕುಮಾರ ಭಾಷಣ ಮುಗಿಸಿ ಅಶ್ವಿನಿಯ ಕಡೆ ಅರ್ಧ ತಿರುಗಿ, ತನ್ನ ವಯಸ್ಸಿನಲ್ಲಿ ನಾಲ್ಕು ವರ್ಷ ಕಳೆದು, "ನಂಗೆ ನಲವತ್ತು ಅಷ್ಟೆ. ಶುಗರ್ ಇಲ್ಲ, ಬೀಡಿ ಇಲ್ಲ" ಅಂದ.

ಕದರಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿಂಗೆ ಎಷ್ಟಾದ್ರೆ ನಂಗೇನಪ್ಪಾ?" ಅಂದ.

ಒಳಗೆ ನರಸಮ್ಮ ಲೋಟ ಜೋಡಿಸುತ್ತಿದ್ದ ಸದ್ದು ನಿಂತಿತು. ಪ್ರಸನ್ನ ನೆಲ ನೋಡುತ್ತಿದ್ದ. ಅಶ್ವಿನಿ ಅಪ್ಪನ ತೋಳು ಮುಟ್ಟಿ, "ಬುಡಪ್ಪಾ. ಅವರಿಗೆ ಯಾರೂ ಹೇಳಿಲ್ಲ ಅನ್ಸುತ್ತೆ" ಎಂದಳು. ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ, ಕನಿಕರವಿತ್ತು. ನಕ್ಕಿದ್ದರೆ ಜಯಕುಮಾರ ತಡೆದುಕೊಳ್ಳುತ್ತಿದ್ದ.

ಅವನ ಕಿವಿ ಕಪ್ಪು ಬಣ್ಣದ ಕೆಳಗೆ ಬಿಸಿಯಾಯಿತು. ಆಗ ಅವನು ಏನಾದರೂ ಒಂದು ತಮಾಷೆ ಮಾಡಿ, ತಲೆ ಕೆರೆದುಕೊಂಡು, ತಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೆ ಮುಗಿದು ನಾವೆಲ್ಲ ಊಟಕ್ಕೆ ಏಳಬಹುದಾಗಿತ್ತು. ಆದರೆ ಡೇರಿಯ ಮಾಜಿ ಅಧ್ಯಕ್ಷನಿಗೆ ತಲೆ ಕೆರೆದುಕೊಂಡು ಅಭ್ಯಾಸವಿರಲಿಲ್ಲ, ಅವತ್ತಂತೂ ಬಣ್ಣ ಬೇರೆ ಕೈಗೆ ಹತ್ತುತ್ತಿತ್ತು. ಹಿರಿಯವನು ಇರುವಾಗ ಕಿರಿಯವನಿಗೆ ಮದುವೆ ಮಾಡುವ ಮನೆತನ ತಮ್ಮದಲ್ಲ ಎಂದ.

ಕದರಪ್ಪ ಒರಟನಲ್ಲ. ಕಾಲ ಕೆಟ್ಟಿದೆ, ಅದನ್ನೆಲ್ಲ ಈಗ ಯಾರು ನೋಡುತ್ತಾರೆ ಎಂದು ಸಮಾಧಾನವಾಗಿಯೇ ಹೇಳಿದ. ತನ್ನದೊಂದು ಮಾತು ಮಾತ್ರ ಇದೆ ಎಂದ. ಮನೆಯಲ್ಲಿ ಅತ್ತೆ ಇಲ್ಲ, ನಾದಿನಿ ಇಲ್ಲ. ಮದುವೆಯಾಗದ ಭಾವ ಇರುವ ಮನೆಗೆ ಒಂಟಿ ಹೆಣ್ಣನ್ನು ಕಳಿಸಿದರೆ ನಾಳೆ ಊರು ಒಂದು ಮಾತಾಡುತ್ತದೆ. ಮೊದಲೇ ಅವಳು ಒಮ್ಮೆ ನೊಂದವಳು. ಹಿಂದಿನ ಕೋಣೆಗೆ ಬೇರೆ ಬಾಗಿಲು ಇಟ್ಟು ಬೇರೆ ಒಲೆ ಹೂಡಿಕೊಟ್ಟರೆ ಸಾಕು, ಊರಿನ ಬಾಯಿ ಮುಚ್ಚುತ್ತದೆ.

ಜಯಕುಮಾರ ಎದ್ದು ನಿಂತ. "ನಾನಿರೋಗಂಟ ಈ ಮನೇಲಿ ಎರಡು ಒಲೆ ಉರಿಯಲ್ಲ" ಎಂದ.

ಅವರು ಎದ್ದು ಹೋದರು. ಅಶ್ವಿನಿ ಹೊರಡುವಾಗ ತಟ್ಟೆಗಳನ್ನೆಲ್ಲ ಬಳಿದು ಒಂದರ ಮೇಲೊಂದಿಟ್ಟು ಬಚ್ಚಲಿನ ಹತ್ತಿರ ಇಟ್ಟು ಹೋದಳು. ಆ ಮನೆಯಲ್ಲಿ ಅವಳು ಮಾಡಿದ ಸಂಸಾರ ಅಷ್ಟೇ.

ಸಂಜೆ ಹಾಲು ಕರೆಯುತ್ತಿರುವಾಗಲೇ ಜಯಕುಮಾರನಿಗೆ ತಾನು ಮಾಡಿದ್ದು ತಪ್ಪು ಎಂದು ತಿಳಿಯಿತು. ಅವನು ಕೆಟ್ಟವನಲ್ಲ. ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಲೆಕ್ಕ ಹಾಕಿದ. ತನ್ನದು ಮುಗಿಯಿತು. ಅವನದಾದರೂ ಆಗಲಿ. ಹಿಂದಿನ ಕೋಣೆಗೆ ಬಾಗಿಲು ಇಡಬಹುದು. ಆಮೇಲೆ ಒಂದು ಮಗು ಹುಟ್ಟಬಹುದು, ಅದಕ್ಕೆ ಒಲೆ ಎಲ್ಲಿ ಬೇರೆಯಾಗಿದೆ ಎಂದು ಗೊತ್ತಾಗುವುದಿಲ್ಲ, ಎರಡೂ ಕಡೆ ಓಡಾಡಿಕೊಂಡಿರುತ್ತದೆ. ಹಾಲು ನೊರೆಯೇಳುವ ಹೊತ್ತಿಗೆ ಅವನು ಪೂರ್ತಿ ಒಪ್ಪಿದ್ದ. ಒಪ್ಪಿದ್ದನ್ನು ಹೇಗೆ ಹೇಳಬೇಕೆಂಬುದೂ ತಯಾರಾಯಿತು. ಪ್ರಸನ್ನ ಬಂದು ಅಣ್ಣಾ, ದಯವಿಟ್ಟು ಎನ್ನುತ್ತಾನೆ. ತಾನು ಸೂರು ನೋಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಹೆಗಲ ಮೇಲೆ ಕೈ ಇಡುತ್ತೇನೆ.

ಪ್ರಸನ್ನ ಕೇಳಲಿಲ್ಲ. ಅವತ್ತು ರಾತ್ರಿ ಎಂದಿನಂತೆ ಇಬ್ಬರೂ ಎದುರುಬದುರು ಕೂತು ಮುದ್ದೆ ಮುರಿದರು. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಅದನ್ನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅಣ್ಣ ಹೇಳುವವನು, ತಮ್ಮ ಕೇಳಿಸಿಕೊಳ್ಳುವವನು. ಬೇಡುವುದನ್ನು ಪ್ರಸನ್ನ ಕಲಿತೇ ಇರಲಿಲ್ಲ, ಅಣ್ಣನೇ ಒಂದು ದಿನ ಹೇಳುತ್ತಾನೆ ಎಂದು ಕಾದ. ಬೇಡಿಸಿಕೊಳ್ಳದೆ ಕೊಡುವುದನ್ನು ಜಯಕುಮಾರ ಕಲಿತಿರಲಿಲ್ಲ, ಅವನೂ ಕಾದ. ರಶೀದರು ಒಂದು ಸಲ ಬಂದು ಏನು ಮಾಡೋಣ ಅಧ್ಯಕ್ಷರೇ ಎಂದು ಕೇಳಿದರು. ಒಳಗೆ ಪ್ರಸನ್ನ ಇದ್ದ. ಅವನ ಬಾಯಿಂದ ಬರಲಿ ಎಂದು ಜಯಕುಮಾರ "ನೋಡೋಣ" ಅಂದ. ರಶೀದರು ಅದಕ್ಕೆ ಎಲ್ಲರೂ ಕೊಡುವ ಅರ್ಥವನ್ನೇ ಕೊಟ್ಟುಕೊಂಡು ಹೋದರು.

ಸಂಕ್ರಾಂತಿ ಹೋಯಿತು, ಅವರೆಕಾಯಿ ಮುಗಿಯಿತು, ಯುಗಾದಿಯೂ ಬಂದು ಹೋಯಿತು. ರಶೀದರ ಮನೆಯ ಮೋಟಾರು ಕೆಡುವುದು ನಿಂತುಹೋಗಿತ್ತು. ಪ್ರಸನ್ನ ಬರಬರುತ್ತಾ ಸೊರಗಿ ಇಷ್ಟೇ ಇಷ್ಟಾದ. ಕೊನೆಗೆ ಜಯಕುಮಾರನಿಗೇ ಕಾಯುವುದು ಸಾಕಾಯಿತು. ಒಂದು ಬೆಳಿಗ್ಗೆ ತಮ್ಮನಿಗೆ ಹೇಳದೆ, ಹಸುಗಳನ್ನು ನರಸಮ್ಮನಿಗೆ ಒಪ್ಪಿಸಿ, ಬಿಳಿ ಅಂಗಿ ಹಾಕಿಕೊಂಡು, ಚೀಲದಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಹೊರಟ. ಶಿರಾದಿಂದ ಮಧುಗಿರಿ, ಮಧುಗಿರಿಯಿಂದ ಪಾವಗಡ, ಪಾವಗಡದಿಂದ ವೈ.ಎನ್.ಹೊಸಕೋಟೆ. ಮಧುಗಿರಿ ಬೆಟ್ಟ ಹಿಂದೆ ಸರಿದು ಬಸ್ಸಿನೊಳಗಿನ ಮಾತೆಲ್ಲ ನಿಧಾನಕ್ಕೆ ತೆಲುಗಿಗೆ ತಿರುಗುತ್ತಿದ್ದಾಗ ಅವನು ಕಿಟಕಿ ಪಕ್ಕ ಕೂತು, ಕದರಪ್ಪ ಹೇಗೆ ಬೆರಗಾಗುತ್ತಾನೆ, ಎಂಥ ಅಣ್ಣನಪ್ಪಾ ಎನ್ನುತ್ತಾನೆ ಎಂದೆಲ್ಲ ನೋಡಿಕೊಂಡ. ಆ ಮಾತಿಗೆ ತಾನು ಕೊಡಬೇಕಾದ ವಿನಯದ ಉತ್ತರವನ್ನೂ ಸಿದ್ಧ ಮಾಡಿಕೊಂಡ.

ಕದರಪ್ಪ ಮನೆಯ ಮುಂದೆ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದ. ಜಯಕುಮಾರನನ್ನು ನೋಡಿ ಬೆರಗಾದದ್ದು ನಿಜ. ನೀರು ಕೊಟ್ಟ, ಚಾಪೆ ಹಾಸಿದ, ಚೀಲದಿಂದ ಇಣುಕುತ್ತಿದ್ದ ಬಾಳೆಹಣ್ಣಿನ ಚಿಪ್ಪು ನೋಡಿ ಸುಮ್ಮನಾದ. ಜಯಕುಮಾರ ಸುತ್ತಿ ಬಳಸಿ, ತಾನು ಮನಸ್ಸು ದೊಡ್ಡದು ಮಾಡಿದ್ದೇನೆ, ಹಿಂದಿನ ಕೋಣೆಗೆ ಬಾಗಿಲು ಇಡಿಸುತ್ತೇನೆ ಎಂದ. ಕದರಪ್ಪ ಕೈಯ ಮೇಲಿನ ಸಿಪ್ಪೆ ಕೊಡವಿಕೊಂಡ. ಹೋದ ತಿಂಗಳೇ ಮಗಳನ್ನು ತಿರುಮಣಿ ಕಡೆ ಕೊಟ್ಟಾಯಿತು ಎಂದ. ಗಂಡಿಗೂ ಇದು ಎರಡನೆಯ ಮದುವೆ. ಹೊಲವೆಲ್ಲ ಸೋಲಾರ್ ಪಾರ್ಕಿನವರಿಗೆ ಗುತ್ತಿಗೆ ಹೋಗಿ ವರ್ಷವರ್ಷ ದುಡ್ಡು ಬರುತ್ತದೆ, ಮನೆ ತುಂಬ ಹೆಂಗಸರಿದ್ದಾರೆ, ಒಂದು ಮಾತು ಬರುವ ಹಾಗಿಲ್ಲ. ದೇವಸ್ಥಾನದಲ್ಲಿ ಸಣ್ಣದಾಗಿ ಮಾಡಿದೆವು ಎಂದ.

ಊಟ ಮಾಡಿಕೊಂಡೇ ಹೋಗಬೇಕೆಂದು ಬಲವಂತ ಮಾಡಿದ. ಜಯಕುಮಾರ ಉಂಡ. ಎಲೆಯ ಮುಂದೆ ಕೂತಿದ್ದಾಗ ಕದರಪ್ಪ, ದೂರಿಗಲ್ಲ, ಸುಮ್ಮನೆ ಮಾತಿಗೆ ಎನ್ನುವಂತೆ ಇನ್ನೊಂದು ಹೇಳಿದ. "ನಮ್ಮ ಅಮ್ಮಾಯಿ ನಿನ್ ತಮ್ಮಂಗೆ ಫೋನ್ ಮಾಡಿ ಕೇಳಿದ್ಳು ಕಣಪ್ಪಾ. ಸಿರಾದಾಗೆ ಒಂದು ರೂಮ್ ಮಾಡ್ಕೊಂಡು ಇದ್ಬುಡಾನ ಬಾ ಅಂತ. ಅಣ್ಣಂಗೆ ಯಾರವ್ರೆ, ಬಿಟ್ಟು ಬರಕ್ಕಾಗಲ್ಲ ಅಂದ್ಬುಟ್ಟ."

ವಾಪಸು ಬರುವಾಗ ಬಸ್ಸಿನಲ್ಲಿ ಜಯಕುಮಾರ ಯಾವುದಕ್ಕೂ ಉತ್ತರ ಸಿದ್ಧ ಮಾಡಲಿಲ್ಲ.

ಮನೆಗೆ ಬಂದಾಗ ಪ್ರಸನ್ನ ಅಂಗಳದಲ್ಲಿ ಕೈಯ ಗ್ರೀಸು ತೊಳೆದುಕೊಳ್ಳುತ್ತಿದ್ದ. ಅಶ್ವಿನಿಯ ಮದುವೆ ಅವನಿಗೆ ಮೊದಲೇ ಗೊತ್ತಿತ್ತು, ಅಮೀರುನ್ನೀಸಾ ಹೇಳಿದ್ದಳು. ಅವನು ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಜಯಕುಮಾರ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿದ್ದರೆ ಬಹುಶಃ ಇಬ್ಬರೂ ಹಾಗೇ ಮುದುಕರಾಗುತ್ತಿದ್ದರು. ಆದರೆ ಅವನಿಗೆ ಎದೆ ತಡೆಯಲಿಲ್ಲ. ತಾನು ಅಂಥ ಕಲ್ಲಲ್ಲ ಎಂದು ತಮ್ಮನಿಗೆ ಗೊತ್ತಾಗಲಿ ಎನಿಸಿತು. ಚೀಲ ಕೆಳಗಿಟ್ಟು, ಹೊಸಕೋಟೆಗೆ ಹೋಗಿದ್ದೆ, ಒಪ್ಪಿಗೆ ಇದೆ ಅಂತ ಹೇಳಕ್ಕೆ ಹೋಗಿದ್ದೆ ಎಂದ.

ಪ್ರಸನ್ನ ಕೈ ತೊಳೆಯುವುದನ್ನು ನಿಲ್ಲಿಸಿದ. "ಒಪ್ಪಿಗೆ ಇತ್ತಾ?"

"ಇತ್ತು ಕಣ್ಲಾ."

"ಯಾವಾಗಿಂದ?"

ಜಯಕುಮಾರ ಜೀವಮಾನದಲ್ಲಿ ಮೊದಲ ಸಲ ಸೂರು ನೋಡದೆ, ಕೆಮ್ಮದೆ, ನಿಜ ಹೇಳಿದ. "ಅವತ್ತು ಸಾಯಂಕಾಲದಿಂದ್ಲೇ. ನೀನು ಕೇಳ್ತೀಯ ಅಂತ..."

ಪ್ರಸನ್ನ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಕಾಲಿನ ಮೇಲೆ ಸುರಿದುಕೊಂಡು ಒಳಗೆ ಹೋದ. ಅವತ್ತು ಉಣ್ಣಲಿಲ್ಲ. ಮಾರನೆಯ ದಿನ ಶಿರಾದಿಂದ ಬರುವಾಗ ಗಾಡಿಯ ಹಿಂದೆ ಒಂದು ಸಣ್ಣ ಗ್ಯಾಸ್ ಒಲೆ, ಎರಡು ಪಾತ್ರೆ ಕಟ್ಟಿಕೊಂಡು ಬಂದ. ಜಗಳವಾಡಲಿಲ್ಲ, ಪಾಲು ಕೇಳಲಿಲ್ಲ, ಅಣ್ಣ ಎನ್ನುವುದನ್ನೂ ಬಿಡಲಿಲ್ಲ. ಹಿಂದಿನ ಕೋಣೆಗೆ ಹೊರಗಿನಿಂದ ಬಾಗಿಲು ಇಟ್ಟುಕೊಂಡ. ಕದರಪ್ಪ ಯಾವ ಜಾಗ ತೋರಿಸಿದ್ದನೋ ಅಲ್ಲೇ.

ಇದಾದ ಮೇಲೆ ಊರಿಗೆ ಸಮೀಕ್ಷೆ ಬಂತು. ಮನೆ ಎಷ್ಟು, ಜನ ಎಷ್ಟು, ಹೆಂಗಸರೆಷ್ಟು ಗಂಡಸರೆಷ್ಟು ಎಂದು ಬರೆದುಕೊಳ್ಳಲು ಶಾಲೆಯ ರಕ್ಷಾ ಮೇಡಂ ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡು, ಮೊಬೈಲು ಹಿಡಿದುಕೊಂಡು ಒಂದು ಭಾನುವಾರ ಬಂದರು. ಜಯಕುಮಾರ ಕುರ್ಚಿ ಹಾಕಿದ. ಒಟ್ಟು ಇಬ್ಬರು, ಒಂದು ಸಂಸಾರ, ಬರೆದುಕೊಳ್ಳಿ ಎಂದ. ಮೇಡಂ ಬರೆದುಕೊಳ್ಳುವ ಬದಲು ಅಡಿಗೆ ಒಟ್ಟಿಗೇನಾ ಎಂದು ಕೇಳಿದರು. ಒಂದೇ ಸೂರಿದ್ದರೆ ಸಾಲದು ಸಾರ್, ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ, ಒಲೆ ಬೇರೆಯಾದರೆ ಕುಟುಂಬವೂ ಬೇರೆ, ನಮಗೆ ಹಾಗಂತ ಟ್ರೈನಿಂಗಿನಲ್ಲಿ ಹೇಳಿದ್ದಾರೆ ಎಂದರು.

ಜಯಕುಮಾರ ಹಿಂದಿನ ಕೋಣೆಯ ಕಡೆ ನೋಡಿದ. "ಇವತ್ತು ಮಧ್ಯಾಹ್ನ ಅವನು ಇಲ್ಲೇ ಉಂಡ್ರೆ, ಒಂದೇ ಅಂತ ಬರ್ಕೊಂತೀರಾ ಮೇಡಂ?"

ಆ ಹೆಣ್ಣುಮಗಳಿಗೆ ನಗು ಬಂತು. ಅವನ ಮುಖ ನೋಡಿ ನಗಲಿಲ್ಲ. ಆಚೆ ಬೀದಿ ಮುಗಿಸಿಕೊಂಡು ಬರುತ್ತೇನೆ ಎಂದು ಎದ್ದು ಹೋದರು. ನಿಯಮದಲ್ಲಿ ಅಷ್ಟು ಸಡಿಲ ಇತ್ತೋ ಇಲ್ಲವೋ, ಕೊಟ್ಟರು.

ಜಯಕುಮಾರ ಸೊಪ್ಪು ಬೇಯಿಸಿ ಬಸಿದು ಸಾರು ಮಾಡಿದ. ಪ್ರಸನ್ನನಿಗೆ ಬೆಳ್ಳುಳ್ಳಿ ಹೆಚ್ಚು ಬೇಕು, ಹೆಚ್ಚು ಹಾಕಿದ. ಹಿಟ್ಟು ಕೂಡಿಸಿ ಎರಡು ಮುದ್ದೆ ಕಟ್ಟಿದ. ಎರಡು ತಟ್ಟೆ ತೊಳೆದಿಟ್ಟ. ಆಮೇಲೆ ಅಂಗಳ ಸುತ್ತಿಕೊಂಡು ಹೋಗಿ, ತನ್ನದೇ ಮನೆಯ ಹಿಂದಿನ ಬಾಗಿಲನ್ನು ಬೇರೆಯವರ ಮನೆಯ ಬಾಗಿಲಿನ ಹಾಗೆ ತಟ್ಟಿದ.

"ಪ್ರಸನ್ನ, ಹಿಟ್ಟು ಮಾಡಿವ್ನಿ. ಬಾ ಉಣ್ಣಾಣ."

"ನಂದಾಯ್ತಣ್ಣ" ಎಂದ ಒಳಗಿನಿಂದ.

"ಲೇ, ಒಂದು ತುತ್ತು ಕಣ್ಲಾ. ಮೇಡಂ ಬರ್ಕೊಂಡು ಹೋಗೋಗಂಟ."

ಪ್ರಸನ್ನ ಬಾಗಿಲು ತೆಗೆದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಜಯಕುಮಾರನಿಗೆ ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗುತ್ತಿತ್ತು. "ಅವ್ರು ಬರ್ಕೊಂಡು ಹೋದ್ಮೇಲೆ ಏನ್ ಮಾಡಾಣ ಅಣ್ಣ?" ಎಂದು ಕೇಳಿದ.

ಜಯಕುಮಾರನಿಗೆ ನೋಡೋಣ ಎನ್ನಲೂ ಆಗಲಿಲ್ಲ. ತಿರುಗಿ ಬಂದು ಜಗುಲಿಯ ಮೇಲೆ ಕೂತ.

ಮೇಡಂ ಬಂದಾಗ ಪ್ರಸನ್ನ ಉಂಡನೇ ಎಂದು ಕೇಳಲಿಲ್ಲ, ಮುಂಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಯಜಮಾನರ ಹೆಸರು ಎಂದಾಗ ಜಯಕುಮಾರ ತನ್ನದನ್ನು ಹೇಳಿದ. ಮಾಜಿ ಅಧ್ಯಕ್ಷರು ಎಂಬುದಕ್ಕೆ ಮೊಬೈಲಿನಲ್ಲಿ ಜಾಗ ಇರಲಿಲ್ಲ. ಒಟ್ಟು ಸದಸ್ಯರು ಒಬ್ಬ. ಹೆಂಗಸರು ಎಂದು ಕೇಳಿದಾಗ ಅವನಿಗೆ ಒಂದು ಕ್ಷಣ ಯಾರೂ ಹೆಸರೆತ್ತದ, ಎರಡು ವರ್ಷ ತುಂಬದ ಆ ಮಗು ಕಣ್ಣಿಗೆ ಬಂತು. ಇದ್ದಿದ್ದರೆ ಅವಳಿಗೀಗ ನಲವತ್ತಾಗಿರುತ್ತಿತ್ತು, ಎಲ್ಲೋ ತನ್ನ ಗಂಡ ಮಕ್ಕಳ ಜೊತೆ ಇರುತ್ತಿದ್ದಳು. ಕೊಟ್ಟು ತರುವುದಕ್ಕಲ್ಲ, ಸುಮ್ಮನೆ ಇದ್ದಿದ್ದರೆ ಚೆನ್ನಾಗಿತ್ತು. ಮೇಡಂ ಉತ್ತರಕ್ಕೆ ಕಾಯದೆ ತಾವೇ ಸೊನ್ನೆ ಒತ್ತಿದರು.

ಆಮೇಲೆ ಅಂಗಳ ಸುತ್ತಿಕೊಂಡು ಹಿಂದಕ್ಕೆ ಹೋದರು. ಗೋಡೆ ತೆಳ್ಳಗಿನದು, ಒಳಗೆ ಆರುತ್ತಿದ್ದ ಎರಡು ಮುದ್ದೆಗಳ ಮುಂದೆ ಕೂತ ಜಯಕುಮಾರನಿಗೆ ಅವರು ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು ಕೇಳಿಸುತ್ತಿತ್ತು. ಕುಟುಂಬದ ಯಜಮಾನರು ಯಾರು ಎಂದು ಕೇಳಿದರು. ಅವರು ಮತ್ತೆ ಕೇಳಿದರು.

"ನಾನೇ" ಎಂದ ಪ್ರಸನ್ನ.